ಮೇಲಿಂದ ಕಂಡ ಗದ್ದೆ

ನಿನ್ನೆ ರಾತ್ರಿ ಸುಮ್ನೆ ಅಮೆರಿಕದ ಸೌತ್ ಕೆರೊಲಿನಾದ ಹಳೇ ಭತ್ತದ ಗದ್ದೆಗಳ ಫೋಟೋ ನೋಡುತ್ತಾ ಕೂತೆ. ಕಂಬಾಹೀ ನದಿಯ ಪಕ್ಕದವು, ವಿಮಾನದಿಂದ ತೆಗೆದವು. ನೆಲದಲ್ಲಿ ನಿಂತವರಿಗೆ ಅಲ್ಲಿ ಕಾಣುವುದು ಜೌಗು, ಜೊಂಡು ಅಷ್ಟೇ. ಮೇಲಿಂದ ನೋಡಿದರೆ ಬದು, ಕಾಲುವೆ, ಚೌಕ ಚೌಕ ಗದ್ದೆ ಎಲ್ಲ ಎದ್ದು ಬರುತ್ತವೆ. ಮಾರಾಟಕ್ಕೆ ಭತ್ತ ಬೆಳೆಯುವುದು ನಿಂತು ಸುಮಾರು ನೂರು ವರ್ಷ ಆಯಿತು. ಗೆರೆ ಇನ್ನೂ ಅಳಿಸಿಲ್ಲ.

ಆ ಒಡ್ಡು ಕಟ್ಟಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಅವರ ಮಕ್ಕಳು ಮೊಮ್ಮಕ್ಕಳು. ಸೈಪ್ರಸ್ ಮರಗಳ ಕಾಡು ಕಡಿದು, ಕೆಸರಲ್ಲಿ ನಿಂತು, ಕೈಯಾರೆ ಮಣ್ಣು ಎತ್ತಿದರು. ಕಡಲು ಉಬ್ಬಿದಾಗ ನದಿಯ ಸಿಹಿನೀರೂ ಏರುತ್ತದೆ ಅಲ್ವಾ, ಆಗ ತೂಬು ತೆಗೆದು ಗದ್ದೆ ತುಂಬಿಸುತ್ತಿದ್ದರು. ಇಳಿತದಲ್ಲಿ ಹೊರಗೆ ಬಿಡುತ್ತಿದ್ದರು. ದುಡಿಮೆ, ಜಾಣ್ಮೆ ಇವರದು. ದುಡ್ಡೆಲ್ಲ ಒಡೆಯರದು.

ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ಜೂನ್ 2ರಂದು, ಇದೇ ನದಿಗೆ ತಾವೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಹ್ಯಾರಿಯೆಟ್ ಟಬ್‌ಮನ್ ಉತ್ತರ ರಾಜ್ಯಗಳ ಸೈನ್ಯದ ಹಡಗುಗಳ ಜೊತೆ ಬಂದರು. 700ಕ್ಕೂ ಜಾಸ್ತಿ ಗುಲಾಮರು ಆ ಹಡಗುಗಳನ್ನು ಏರಿ ಬಿಡುಗಡೆಯಾದರು.

ಈಗ ಅಲ್ಲಿ ಚಳಿಗಾಲಕ್ಕೆ ಬಾತುಗಳು ಇಳಿಯುತ್ತವೆ. ಫೋಟೋ ತುಂಬಾ ಚೆಂದ ಇದೆ. ಆದರೂ ಆ ನೇರ ಗೆರೆಗಳನ್ನು ನೋಡುತ್ತಾ ನೋಡುತ್ತಾ ಗಂಟಲು ಕಟ್ಟಿತು.