ಪೇಟೆಯೋ, ಹಳ್ಳಿಯೋ?

ಏಳನೇ ಕ್ಲಾಸಿನಲ್ಲಿ ಸಮಾಜ ಪಾಠದ ಮಾಷ್ಟ್ರು ಒಂದು ಕೆಲಸ ಕೊಟ್ಟಿದ್ದರು. ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದು ತರಬೇಕು. ನಾನು ಅಡಿಕೆ ತೋಟ, ಗುಡ್ಡೆ, ತೋಡಿನ ಸಂಕ ಎಲ್ಲ ಬರೆದೆ. ಸಂಕ ಶಾಲೆಗಿಂತ ದೊಡ್ಡದಾಗಿತ್ತು. ಮಳೆಗಾಲದಲ್ಲಿ ಅದನ್ನು ದಾಟುವುದೇ ದೊಡ್ಡ ಸಂಗತಿ ಅಲ್ವಾ! ಮಾಷ್ಟ್ರು ನಕ್ಕು, "ಸ್ಕೇಲ್ ಎಲ್ಲಿ ಮಾರಾಯ?" ಎಂದರು.

ಅದೇ ಪ್ರಶ್ನೆ ಮತ್ತೆ ಎದುರಾದದ್ದು ಮೈಸೂರಿನಲ್ಲಿ, ನಗರ ಮತ್ತು ಪ್ರಾದೇಶಿಕ ಯೋಜನೆ ಓದಲು ಹೋದಾಗ. ಊರಲ್ಲಿ ಯಾರಾದರೂ ಏನು ಓದುವುದು ಅಂತ ಕೇಳಿದರೆ ಸುಮ್ನೆ ಸಿವಿಲ್ ಇಂಜಿನಿಯರಿಂಗ್ ಅಂದುಬಿಡುತ್ತಿದ್ದೆ. ವಿವರಿಸಿ ಸಾಕಾಗಿತ್ತು. ಓದಲು ಮೈಸೂರು ಒಳ್ಳೆಯ ಜಾಗ. ಊರನ್ನು ಸರಿಪಡಿಸಲು 1903ರಲ್ಲೇ ಅಲ್ಲಿ ಟ್ರಸ್ಟ್ ಬೋರ್ಡ್ ಮಾಡಿದ್ದರು.

ಒಂದು ದಿನ ಪೇಟೆ ಎಂದರೇನು ಎಂಬ ಪಾಠ. ಜನಗಣತಿಯ ಲೆಕ್ಕ ಹೀಗೆ: ಕನಿಷ್ಠ 5000 ಜನ ಇರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಕೃಷಿ ಬಿಟ್ಟು ಬೇರೆ ಕೆಲಸ ಮಾಡಬೇಕು. ಚದರ ಕಿಲೋಮೀಟರಿಗೆ 400 ಜನ ಇರಬೇಕು. ಮೂರೂ ಇದ್ದರೆ ಪಂಚಾಯತು ಆಳುವ ಊರೂ ಪೇಟೆಯೇ! ಕೇರಳದಲ್ಲಿ 2001ಕ್ಕೆ ನೂರಕ್ಕೆ 26 ಮಂದಿ ಪೇಟೆಯವರು, 2011ಕ್ಕೆ ಸುಮಾರು 48. ಅಷ್ಟು ಜನ ಗಂಟುಮೂಟೆ ಕಟ್ಟಿ ಹೊರಟದ್ದಲ್ಲ. ಹೆಚ್ಚಿನವರು ಕೂತಲ್ಲೇ ಪೇಟೆಯವರಾದರು.

ಪ್ರಾಜೆಕ್ಟಿಗೆ ನಮ್ಮೂರನ್ನೇ ಆರಿಸಿದೆ. ಭೂಬಳಕೆಯ ನಕ್ಷೆಯಲ್ಲಿ ಮನೆಗಳಿಗೆ ಹಳದಿ, ಕೃಷಿಗೆ ಹಸಿರು. ನಮ್ಮಲ್ಲಿ ತೋಟಕ್ಕೊಂದು ಮನೆ, ಮನೆಗೊಂದು ತೋಟ. ಹಳದಿ ಎಲ್ಲಿ ನಿಲ್ಲಿಸುವುದು? ಎರಡು ಸಲ ಹಾಳೆ ಹರಿದೆ.

ಆಮೇಲೆ ಸುರಂಗ. ಮನೆ ಹಿಂದಿನ ಗುಡ್ಡೆಯ ಮುರಕಲ್ಲಿನಲ್ಲಿ ನೀರಿಗಾಗಿ ಅಜ್ಜ ಕೊರೆಸಿದ್ದು. ಬಗ್ಗಿಕೊಂಡೇ ಹೋಗಬೇಕು. ಟಾರ್ಚ್ ಹಿಡಿದು, ಟೇಪ್ ಎಳೆದುಕೊಂಡು ಒಳಗೆ ಹೋದೆ. ಕಾಲಡಿಯಲ್ಲಿ ತಣ್ಣನೆ ನೀರು, ತಲೆ ಮೇಲೆ ಬಾವಲಿ. ಗೋಡೆಯಿಂದ ಜಿನುಗಿದ ನೀರು ತಾನಾಗಿ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಮೇಲಿನ ಗುಡ್ಡೆಯನ್ನು ಜೆಸಿಬಿ ತಂದು ಸಮ ಮಾಡಿದರೆ ಮಳೆನೀರು ಇಳಿಯುವ ಜಾಗವೇ ಹೋಗುತ್ತದೆ. ಮತ್ತೆ ಟಾಂಕಿ ಒಣಗಿದಂತೆಯೇ. ನಕ್ಷೆಯಲ್ಲಿ ಆ ಗುಡ್ಡೆ ಬರೀ ಖಾಲಿ ಜಾಗ.

ಕೊಟ್ಟ ಗುರುತುಗಳ ಪಟ್ಟಿಯಲ್ಲಿ ಸುರಂಗ ಇರಲಿಲ್ಲ. ನಾನೇ ನೀಲಿ ಚುಕ್ಕಿಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ 'ಸುರಂಗ' ಎಂದು ಬರೆದೆ. ವೈವಾದ ದಿನ ಹೊರಗಿನಿಂದ ಬಂದವರು ಹಳದಿ, ಹಸಿರು ಬಿಟ್ಟು ಅದರ ಮೇಲೆಯೇ ಬೆರಳಿಟ್ಟರು. "ಇದೇನು?" ಎಂದರು. ಅರ್ಧ ಗಂಟೆ ಅದನ್ನೇ ಹೇಳಿದೆ. ಉಳಿದ ಹಾಳೆಗಳನ್ನು ಯಾರೂ ಮಗುಚಿ ನೋಡಲಿಲ್ಲ.