ಕೆ.ಸಿ. ವ್ಯಾಲಿ ನೀರು: ಉಳಿತಾಯ ಯಾರಿಗೆ, ಖರ್ಚು ಯಾರದು?

ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆ, ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡಲು ಶುರುವಾಗಿದ್ದು 2018ರ ಜೂನ್‌ನಲ್ಲಿ, ಲಕ್ಷ್ಮೀಸಾಗರ ಕೆರೆಯಿಂದ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಬಂತು, ಹೈಕೋರ್ಟ್ ತಡೆ ಬಂತು, ಆಮೇಲೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು. ಅವತ್ತಿಂದ ನಮ್ಮ ಕಡೆ ಇರುವುದು ಒಂದೇ ಜಗಳ, ಈ ನೀರು ಒಳ್ಳೆಯದಾ ಕೆಟ್ಟದ್ದಾ ಅಂತ. ದುಡ್ಡಿನ ಲೆಕ್ಕ ಹಾಕುವವರು ಕಡಿಮೆ. ನನಗೆ ಅನ್ನಿಸುವ ಪ್ರಕಾರ ಆ ಲೆಕ್ಕ ಹಾಕಿದರೆ ಈ ಜಗಳಕ್ಕೂ ಅರ್ಧ ಉತ್ತರ ಸಿಗುತ್ತದೆ.

ಮೊದಲ ಹಂತದ ಯೋಜನೆ ದಿನಕ್ಕೆ 440 ದಶಲಕ್ಷ ಲೀಟರ್ ನೀರಿನದು, 126 ಕೆರೆಗಳಿಗೆ. ಅಂದರೆ ದಿನಕ್ಕೆ 44 ಕೋಟಿ ಲೀಟರ್. ಪೂರ್ತಿ ಹರಿದರೆ ವರ್ಷಕ್ಕೆ ಐದೂವರೆ ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಜಿಲ್ಲೆಗೆ ಇದು ಸಣ್ಣ ನೀರಲ್ಲ. ಕಟ್ಟಲು ಖರ್ಚಾಗಿದ್ದು ಸುಮಾರು 1,300 ಕೋಟಿ ರೂಪಾಯಿ. ಇಪ್ಪತ್ತು ವರ್ಷಕ್ಕೆ ಹಂಚಿದರೆ, ಬಡ್ಡಿ ಬಿಟ್ಟು, ಸಾವಿರ ಲೀಟರಿಗೆ ನಾಲ್ಕು ರೂಪಾಯಿ ಬೀಳುತ್ತದೆ. ಇದರ ಮೇಲೆ ಬೆಂಗಳೂರಿನಿಂದ ಕೋಲಾರದವರೆಗೆ ನೀರು ಎತ್ತುವ ಪಂಪುಗಳ ಕರೆಂಟು, ಪೈಪ್‌ಲೈನ್ ರಿಪೇರಿ, ಸಂಬಳ ಎಲ್ಲ ಬೇರೆ. ಇಷ್ಟರಲ್ಲಿ ರೈತ ಒಂದು ಪೈಸೆಯೂ ಕೊಡುವುದಿಲ್ಲ.

ಹಾಗಂತ ರೈತನಿಗೆ ಕೆರೆ ನೀರು ನೇರವಾಗಿ ಸಿಗುವುದೂ ಇಲ್ಲ. ತೂಬು ಎತ್ತಿ ಅಚ್ಚುಕಟ್ಟಿಗೆ ಬಿಡುವಂತಿಲ್ಲ, ದಂಡೆಯಲ್ಲಿ ಮೋಟಾರ್ ಇಟ್ಟು ಎಳೆಯುವಂತಿಲ್ಲ. ನೀರು ಕೆರೆಯಲ್ಲಿ ನಿಂತು, ಭೂಮಿಗೆ ಇಂಗಿ, ಬೋರಿಗೆ ಬರಬೇಕು. ಲಾಭವೆಲ್ಲ ಇರುವುದು ಅಲ್ಲೇ, ಬೋರ್‌ವೆಲ್‌ನಲ್ಲಿ.

ನಮ್ಮ ಕಡೆ ರೈತ ಮುಳುಗುವುದು ಟೊಮೆಟೊ ರೇಟು ಬಿದ್ದಾಗ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ರೇಟು ಬಿದ್ದರೆ ಒಂದು ಬೆಳೆ ಹೋಗುತ್ತದೆ, ಇನ್ನೊಂದು ಬೆಳೆಯಲ್ಲಿ ಹೇಗೋ ಎದ್ದು ನಿಲ್ಲಬಹುದು. ಬೋರ್ ಫೇಲ್ ಆದರೆ ಹಾಗಲ್ಲ. ಎಲ್ಲಿ ನೀರಿದೆ ಅಂತ ಪಾಯಿಂಟ್ ನೋಡಿಸಿ, ಬೋರ್ ಲಾರಿ ಕರೆಸಿ, ಸಾವಿರದ ಇನ್ನೂರು ಅಡಿ ಕೊರೆಸಿ, ಕೇಸಿಂಗ್, ಮೋಟಾರ್, ಕೇಬಲ್, ಪೈಪು ಅಂತ ನಾಲ್ಕೈದು ಲಕ್ಷ ಇಳಿಸಿದ ಮೇಲೆ ಬರೀ ಧೂಳು ಬಂದರೆ, ಆ ಸಾಲ ತೀರಿಸಲು ಬೇಕಾದ ಬೆಳೆ ಬೆಳೆಯುವುದಕ್ಕೇ ನೀರಿಲ್ಲ. ಆಗ ಮಾಡುವುದೇನು? ಇನ್ನೊಂದು ಪಾಯಿಂಟ್ ನೋಡಿಸುವುದು. ಒಂದೇ ಹೊಲದಲ್ಲಿ ಮೂರು ನಾಲ್ಕು ಒಣ ಬೋರು ಇರುವ ಮನೆಗಳು ಪ್ರತಿ ಊರಲ್ಲೂ ಇವೆ. ಈ ಖರ್ಚು ಯಾವ ಸರ್ಕಾರಿ ಲೆಕ್ಕದಲ್ಲೂ ಬರುವುದಿಲ್ಲ, ಕೈಸಾಲದ ಚೀಟಿಗಳಲ್ಲಿ ಇರುತ್ತದೆ ಅಷ್ಟೇ. ಒಂದು ತಾಲೂಕಿನಲ್ಲಿ ವರ್ಷಕ್ಕೆ ಇಂಥ ಸಾವಿರ ಬೋರು ಕೊರೆಸುವುದು ತಪ್ಪಿತು ಅಂದರೂ ನಲವತ್ತು ಕೋಟಿ ರೂಪಾಯಿ ರೈತರ ಕೈಯಲ್ಲೇ ಉಳಿಯುತ್ತದೆ.

ಎರಡನೇ ಉಳಿತಾಯ ಕರೆಂಟಿನದು. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು ನಮ್ಮ ಹೊಲಗಳ ಮೋಟಾರುಗಳಿಗೆ ಸುಮಾರು ಒಂದೂವರೆ ಯೂನಿಟ್ ಬೇಕು. ಅದೇ ನೀರು ಮುನ್ನೂರು ಅಡಿಗೆ ಬಂತು ಅಂತ ಇಟ್ಟುಕೊಳ್ಳಿ, ಅರ್ಧ ಯೂನಿಟ್ ಸಾಕು. ಸಾವಿರ ಲೀಟರಿಗೆ ಒಂದು ಯೂನಿಟ್ ಉಳಿಯಿತು. ಹರಿದ ನೀರಲ್ಲಿ ಅರ್ಧ ಮಾತ್ರ ಬೋರುಗಳಿಂದ ಮೇಲೆ ಬರುತ್ತದೆ ಅಂದುಕೊಂಡರೂ ವರ್ಷಕ್ಕೆ ಎಂಟು ಕೋಟಿ ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ 56 ಕೋಟಿ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಈ ದುಡ್ಡು ಉಳಿಯುವುದು ರೈತನಿಗಲ್ಲ, ಸಬ್ಸಿಡಿ ಕಟ್ಟುವ ಸರ್ಕಾರಕ್ಕೆ. ಕೋಲಾರಕ್ಕೆ ನೀರು ಕೊಟ್ಟು ಉಪಕಾರ ಮಾಡಿದೆವು ಎಂದು ವೇದಿಕೆ ಮೇಲೆ ಹೇಳುವವರು ಇದನ್ನೂ ಹೇಳಬೇಕು.

ಲಾಭ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಕೆರೆ ಹತ್ತಿರದ ಬೋರುಗಳಲ್ಲಿ ನೀರು ಮೇಲೆ ಬಂದಿದೆ, ದಿಣ್ಣೆ ಮೇಲಿನ ಹೊಲದವನಿಗೆ ಏನೂ ಆಗಿಲ್ಲ. ಬೋರ್ ಕೊರೆಸುವ ಶಕ್ತಿಯೇ ಇಲ್ಲದವನಿಗಂತೂ ಕೆರೆ ತುಂಬಿದರೇನು ಬಿಟ್ಟರೇನು. ಇನ್ನೊಂದು ವಿಷಯ ಹೇಳಲೇಬೇಕು, ಇದನ್ನು ಬೆಂಗಳೂರಿನವರು ಯೋಚಿಸಿಯೇ ಇರುವುದಿಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗೋಡುಮಣ್ಣು ಹೊಡೆದುಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಹೂಳೆತ್ತಿದ ಹಾಗೆ. ಈಗ ಕೆರೆ ವರ್ಷವಿಡೀ ತುಂಬಿರುತ್ತದೆ. ಹೂಳು ತಳದಲ್ಲೇ ಕೂರುತ್ತದೆ, ಇಂಗುವುದು ನಿಧಾನವಾಗುತ್ತದೆ, ಮಳೆ ಬಂದಾಗ ಹಿಡಿದಿಡಲು ಜಾಗ ಇಲ್ಲದೆ ಒಳ್ಳೆಯ ಮಳೆನೀರು ಕೋಡಿ ಹರಿದು ಹೋಗುತ್ತದೆ. ಸರದಿ ಪ್ರಕಾರ ಕೆಲವು ಕೆರೆಗಳನ್ನು ಒಣಗಲು ಬಿಡಬೇಕು. ಅದಕ್ಕೆ ಜಾಸ್ತಿ ದುಡ್ಡೂ ಬೇಡ.

ಈಗ ಮೂರನೇ ಹಂತದ ಶುದ್ಧೀಕರಣದ ಮಾತು, ಅಂದರೆ ಎರಡು ಹಂತ ದಾಟಿದ ನೀರಲ್ಲಿ ಉಳಿದ ಕಲ್ಮಶವನ್ನು ಇನ್ನೊಮ್ಮೆ ತೆಗೆಯುವುದು. ಇಷ್ಟು ವರ್ಷ ಹೋರಾಟಗಾರರು ಕೇಳುತ್ತಿರುವುದು ಅದನ್ನೇ, ಖರ್ಚು ಜಾಸ್ತಿ ಎಂಬ ಉತ್ತರ ನನಗಂತೂ ಒಪ್ಪಿಗೆಯಿಲ್ಲ. ಇಸ್ರೇಲಿನವರೂ ಟೆಲ್ ಅವೀವ್ ಸುತ್ತಲಿನ ಕೊಳಚೆ ನೀರನ್ನು ಶುದ್ಧ ಮಾಡಿ, ಮರಳಿಗೆ ಇಂಗಿಸಿ, ಮತ್ತೆ ಎತ್ತಿ ನೆಗೆವ್ ಮರುಭೂಮಿಯ ಹೊಲಗಳಿಗೆ ಕೊಡುತ್ತಾರೆ. ಆದರೆ ಅವರು ಇಂಗಿಸುವ ಜಾಗವೇ ಬೇರೆ, ಕುಡಿಯುವ ನೀರಿನ ಬಾವಿಗಳೇ ಬೇರೆ. ನಮ್ಮಲ್ಲಿ ಟೊಮೆಟೊಗೂ ಮಕ್ಕಳ ಲೋಟಕ್ಕೂ ಒಂದೇ ಅಂತರ್ಜಲ. ನಮ್ಮದು ಬಂಡೆ ನೆಲ, ಮರಳಿನ ಹಾಗೆ ಎಲ್ಲ ಕಡೆ ಸೋಸಿ ಕೊಡುವುದಿಲ್ಲ, ಬಿರುಕು ಸಿಕ್ಕಿದ ಕಡೆ ನೀರು ಸೀದಾ ಇಳಿಯುತ್ತದೆ. ಮನೆಗಳ ಕೊಳಚೆಯಲ್ಲಿರುವ ಸಾರಜನಕ ಬೆಳೆಗೆ ಗೊಬ್ಬರವೇ ಹೌದು, ಅದೇ ಸಾರಜನಕ ನೈಟ್ರೇಟ್ ಆಗಿ ಕುಡಿಯುವ ನೀರಿಗೆ ಸೇರಿದರೆ ಹಾಲು ಕುಡಿಯುವ ಕೂಸುಗಳಿಗೆ ಅಪಾಯ. ಬೆಂಗಳೂರಲ್ಲಿ ಮನೆ ಕೊಳಚೆಗೆ ಫ್ಯಾಕ್ಟರಿ ನೀರು ಕದ್ದು ಸೇರಿದರೆ ಇನ್ನೂ ಕಷ್ಟ, ಭಾರ ಲೋಹಗಳನ್ನು ತೆಗೆಯಲು ಎರಡನೇ ಹಂತದ ಘಟಕ ಕಟ್ಟಿರುವುದೇ ಇಲ್ಲ. ಒಮ್ಮೆ ಅಂತರ್ಜಲ ಕೆಟ್ಟರೆ ಅದನ್ನು ಸರಿಮಾಡುವ ಖರ್ಚಿಗೆ ಲೆಕ್ಕವೇ ಇಲ್ಲ. ಕೋಲಾರದ ತರಕಾರಿ ಬೇಡ ಅಂತ ಹೊರಗಿನ ವ್ಯಾಪಾರಿಗಳು ಒಂದು ಸೀಸನ್ ಅಂದರೆ ಸಾಕು, ಇಷ್ಟೆಲ್ಲ ಉಳಿಸಿದ್ದು ಮಂಡಿಯಲ್ಲೇ ಕಳೆದುಹೋಗುತ್ತದೆ.

ಮೂರನೇ ಹಂತಕ್ಕೆ ಸಾವಿರ ಲೀಟರಿಗೆ ಐದು ರೂಪಾಯಿ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 80 ಕೋಟಿ. ಮೇಲೆ ಹೇಳಿದ ಬೋರು, ಕರೆಂಟು ಎರಡರ ಉಳಿತಾಯ ಸೇರಿಸಿದರೆ 96 ಕೋಟಿ. ಐದು ರೂಪಾಯಿ ಬದಲು ಎಂಟಾದರೆ ಈ ಲೆಕ್ಕ ಕೂಡುವುದಿಲ್ಲ, ನಿಜ. ನೀರು ಎತ್ತುವ ಕರೆಂಟೂ ಇದರಲ್ಲಿ ಸೇರಿಲ್ಲ. ಆದರೆ ಬೆಂಗಳೂರು ಕಾವೇರಿ ನೀರು ಬಳಸಿ ಹೊರಗೆ ಬಿಟ್ಟ ಮೇಲೆ ಅದನ್ನು ಸರಿಯಾಗಿ ಶುದ್ಧ ಮಾಡುವುದು ನಗರದ ಕರ್ತವ್ಯ, ಕೋಲಾರ ಕೇಳಲಿ ಬಿಡಲಿ. ಆ ಖರ್ಚನ್ನು ನೀರಾವರಿ ಯೋಜನೆಯ ಲೆಕ್ಕಕ್ಕೆ ಬರೆದು ಭಾರ ಅನ್ನುವುದು ಸರಿಯಲ್ಲ, ಅಲ್ವಾ? 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ ಕುಡಿಯುವ ನೀರು ತರುವ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಬಂದದ್ದರಲ್ಲಿ ಹೆಚ್ಚಿನ ಪಾಲು ಕೊಳಚೆಯಾಗಿ ಹೊರಗೆ ಬರಲೇಬೇಕು.

ಬೆಂಗಳೂರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ನೀರಿನ ಕನೆಕ್ಷನ್ ಇವೆ. 80 ಕೋಟಿ ಹಂಚಿದರೆ ಒಂದಕ್ಕೆ ತಿಂಗಳಿಗೆ 67 ರೂಪಾಯಿಗಿಂತ ಹೆಚ್ಚು ಬರುವುದಿಲ್ಲ. ಸಣ್ಣ ಮನೆಗಳಿಗೆ ಕಡಿಮೆ ಮಾಡಿ, ಹೋಟೆಲು, ಕಂಪನಿ, ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಜಾಸ್ತಿ ಹಾಕಲಿ. ನಾನು ಊರಲ್ಲಿ ಬೋರ್ ನೀರು ಕುಡಿದು ಬೆಳೆದವನು, ಈಗ ಬೆಂಗಳೂರಲ್ಲಿ ನೀರಿನ ಬಿಲ್ ಕಟ್ಟುವವನು. ಬಿಲ್ಲಿನಲ್ಲಿ ಆ ದುಡ್ಡು ಯಾವುದಕ್ಕೆ ಅಂತ ಬರೆದಿರಲಿ, ಪ್ರತಿ ಕೆರೆಯ ನೀರಿನ ಪರೀಕ್ಷೆ ವರದಿ ತಿಂಗಳಿಗೊಮ್ಮೆ ಪಂಚಾಯಿತಿ ಗೋಡೆ ಮೇಲೆ ಅಂಟಿಸಲಿ, ನಾನು ಮುಂದಿನ ತಿಂಗಳಿಂದಲೇ ಕೊಡುತ್ತೇನೆ.