ಅವರು ಗೊಡ್ಡು ಅಂತಾರೆ, ನಾನು ಬಂಜೆ ಅಂತ ಬರೆದಿದ್ದೆ

ಕಲಬುರಗಿ, 28 ಏಪ್ರಿಲ್ 2024, ರವಿವಾರ

ಬೆಳಿಗ್ಗೆ ಆರಕ್ಕೇ ಫ್ಯಾನಿನ ಗಾಳಿ ಬಿಸಿ ಬಿಸಿ. ಚಹಾಕ್ಕೂ ಮೊದಲೇ ಸರ್ಚ್ ಕನ್ಸೋಲ್ ತೆಗೆದೆ. ಗೂಗಲ್‌ನಲ್ಲಿ ಹುಡುಕಿ ನಮ್ಮ ಸೈಟಿಗೆ ಎಷ್ಟು ಜನ ಬಂದರು ಅಂತ ಗೆರೆ ಎಳೆದು ತೋರಿಸುವ ಪುಟ ಅದು. ಒಂದೂವರೆ ತಿಂಗಳಿಂದ ಇದೇ ಅಭ್ಯಾಸ ಆಗಿಬಿಟ್ಟಿದೆ. ಗೆರೆ ಇವತ್ತೂ ಮೇಲೆದ್ದಿಲ್ಲ. ತೊಗರಿಯ ರೋಗ, ದರದ ಬಗ್ಗೆ ನಾನು ಬರೆಯುವ ಸೈಟಿಗೆ ಫೆಬ್ರುವರಿಯಲ್ಲಿ ಬರುತ್ತಿದ್ದವರಲ್ಲಿ ಈಗ ಮೂರರಲ್ಲಿ ಒಂದು ಪಾಲು ಜನ ಉಳಿದಿದ್ದಾರೆ.

ಗೂಗಲ್ ಮಾರ್ಚ್ 5ಕ್ಕೆ ಕೋರ್ ಅಪ್‌ಡೇಟ್, ಅಂದರೆ ಹುಡುಕಿದಾಗ ಯಾವ ಪುಟ ಮೇಲೆ ಬರಬೇಕು ಅನ್ನೋ ಲೆಕ್ಕದಲ್ಲಿ ದೊಡ್ಡ ಬದಲಾವಣೆ, ಶುರು ಮಾಡಿತ್ತು. ಅದು ಏಪ್ರಿಲ್ 19ಕ್ಕೇ ಮುಗಿದಿದೆ ಅಂತ ಮೊನ್ನೆ ಶುಕ್ರವಾರ ತಿಳಿಸಿದರು. 45 ದಿನ! ಅಲ್ಲಿಯವರೆಗೆ ಸೈಟಿಗೆ ಕೈ ಹಚ್ಚಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಹುಡುಕಾಟದಲ್ಲಿ ಪುಟದ ಸ್ಥಾನ ದಿನಕ್ಕೊಂದು ಥರ ಏರಿಳಿಯುವಾಗ ಏನು ಬದಲಿಸಿದ್ದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಇವತ್ತು ಮಿಲ್ಲಿಗೆ ರಜೆ. ಬಾಗಿಲು ಹಾಕಿಕೊಂಡು ಲೆಕ್ಕಕ್ಕೆ ಕೂತೆ.

ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಆದರೂ ಮೊದಲ ತಪ್ಪು ಲೆಕ್ಕದಲ್ಲೇ ಮಾಡಿದ್ದೆ. ಏಪ್ರಿಲನ್ನು ಫೆಬ್ರುವರಿಯ ಜೊತೆ ಇಟ್ಟು ನೋಡುತ್ತಿದ್ದೆ. ತೊಗರಿ ರಾಶಿ ಮುಗಿದು ಹೊಲ ಖಾಲಿ ಇರುವಾಗ ರೋಗದ ಬಗ್ಗೆ ಯಾರು ಹುಡುಕುತ್ತಾರೆ? ಪ್ರತಿ ವರ್ಷವೂ ಈ ದಿನಗಳಲ್ಲಿ ಜನ ಕಡಿಮೆ. ಕನ್ಸೋಲಿನಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ, ಹಾಗಾಗಿ ಹೋದ ಏಪ್ರಿಲ್ ತೆಗೆದು ಪಕ್ಕದಲ್ಲಿಟ್ಟೆ. ಆಗ ಎದೆ ಸ್ವಲ್ಪ ಹಗುರಾಯಿತು. ಹೋದ ವರ್ಷ ಹತ್ತು ಜನ ಬಂದ ಕಡೆ ಈಗ ಆರು ಜನ ಬರುತ್ತಿದ್ದಾರೆ. ನಷ್ಟವೇ. ಆದರೆ ನಾನು ಅಂದುಕೊಂಡಷ್ಟು ಅಲ್ಲ.

ಆಮೇಲೆ ಒಂದೊಂದೇ ಪುಟ ನೋಡುತ್ತಾ ಹೋದೆ. ಎಲ್ಲಕ್ಕಿಂತ ಜಾಸ್ತಿ ಬಿದ್ದದ್ದು ದರದ ಪುಟಗಳು. 2023-24ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 7,000 ರೂಪಾಯಿ ಇದ್ದರೆ ಪೇಟೆಯಲ್ಲಿ 10,000 ದಾಟಿದೆ. ದರ ಹುಡುಕುವವರಿಗೇನೂ ಕಡಿಮೆ ಇಲ್ಲ. ಆದರೆ ಆ ಪುಟಗಳು ಹೆಂಗಿದ್ದವು? ಕಲಬುರಗಿ, ಸೇಡಂ, ಯಾದಗಿರಿ, ಬೀದರ್, ಊರಿಗೊಂದು ದಿನಕ್ಕೊಂದು ಪುಟ. ಅದೇ ನಾಲ್ಕು ಸಾಲು, ಅಂಕಿ ಮಾತ್ರ ಬೇರೆ. ಹೋದ ಮಳೆಗಾಲದಲ್ಲಿ ಆಸೆಗೆ ಬಿದ್ದು ಮಾಡಿದ್ದು. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ. ಊರಿಗೊಂದೇ ಪುಟ ಇಟ್ಟು, ಹಳೆಯದನ್ನು ತೆರೆದವರು ಅಲ್ಲಿಗೇ ಬರುವಂತೆ ತಿರುಗಿಸುತ್ತಿದ್ದೇನೆ. ಮಧ್ಯಾಹ್ನದವರೆಗೆ ಸೇಡಂ ಮುಗಿಯಿತು.

ಸಂಕಟ ಆದದ್ದು ಗೊಡ್ಡು ರೋಗದ, ಅಂದರೆ ತೊಗರಿ ಹೂವು ಬಿಡದಂತೆ ಮಾಡುವ ರೋಗದ ಪುಟಕ್ಕೆ. 2019ರಲ್ಲಿ, ನಮ್ಮ ತೊಗರಿ ಬೇಳೆಗೆ ಜಿಐ (ಊರಿನ ಹೆಸರಿನ ಗುರುತು) ಸಿಕ್ಕ ವರ್ಷವೇ, ನಾನು ಈ ಸೈಟ್ ಶುರು ಮಾಡಿದ್ದು. ಮೊದಲು ಬರೆದದ್ದೇ ಆ ಪುಟ. ಫೋಟೊಗಳು ನಮ್ಮ ಭಾವನ ಹೊಲದಲ್ಲಿ ನಾನೇ ಕುಕ್ಕರಗಾಲಲ್ಲಿ ಕೂತು ತೆಗೆದವು. ಮೂರನೇ ಸ್ಥಾನದಲ್ಲಿತ್ತು, ಈಗ ಹನ್ನೊಂದು. ಸ್ಥಾನ ಇಳಿದರೆ ಪುಟ ಕೆಟ್ಟದಾಗಿದೆ ಅಂತಲ್ಲ, ಬೇರೆಯವು ಮುಂದೆ ಬಂದಿರಬಹುದು ಅಂತ ಗೂಗಲ್‌ನವರೇ ಹೇಳುತ್ತಾರೆ. ಸರಿ, ಆದರೆ ಯಾವುದು ಮುಂದೆ ಬಂತು, ಯಾಕೆ ಬಂತು?

ಅದಕ್ಕೆ ನಿನ್ನೆ ಗಂಜಿನಲ್ಲಿ, ನಮ್ಮ ಕಾಳಿನ ಪೇಟೆಯಲ್ಲಿ, ಅರ್ಧ ಉತ್ತರ ಸಿಕ್ಕಿತು. ಅಡತಿ (ದಲ್ಲಾಳಿ) ಅಂಗಡಿಯ ಕಟ್ಟೆ ಮೇಲೆ ಆಳಂದ ಕಡೆಯ ಒಬ್ಬ ಕಾಕಾ ಕೂತಿದ್ದರು. ಹೋದ ವರ್ಷ ಅವರ ಹೊಲದಲ್ಲಿ ಗೊಡ್ಡು ಬಿದ್ದಿತ್ತಂತೆ. ‘ಕಾಕಾ, ಮೊಬೈಲಿನಾಗ ಹ್ಯಾಂಗ ಹುಡುಕಿದ್ರಿ, ತೋರಸ್ರಿ’ ಅಂದೆ. ಅವರು ಫೋನನ್ನು ರೊಟ್ಟಿ ತುಂಡಿನಂತೆ ಬಾಯಿ ಹತ್ತಿರ ತಂದು ಜೋರಾಗಿ ಕೇಳಿದರು: ‘ತೊಗರಿ ಗೊಡ್ಡ ಬಿದ್ದದ, ಹೂವ ಬಿಡವಲ್ದು, ಏನ್ ಹೊಡೀಬೇಕು?’

ಮೊದಲು ವಿಡಿಯೊಗಳು ಬಂದವು. ಆಮೇಲೆ ಔಷಧಿ ಮಾರುವವರ ಪುಟ. ನನ್ನದು ಎಷ್ಟು ಸರಿಸಿದರೂ ಬರಲಿಲ್ಲ. ನಾನೇ ನನ್ನ ಪುಟ ತೆಗೆದು ಅವರ ಕೈಗೆ ಕೊಟ್ಟೆ. ತಲೆಬರಹವನ್ನು ಅಕ್ಷರ ಕೂಡಿಸಿ ಓದಿದರು: ‘ತೊಗರಿಯಲ್ಲಿ ಬಂಜೆ ರೋಗದ ಸಮಗ್ರ ನಿರ್ವಹಣಾ ಕ್ರಮಗಳು.’ ಓದಿ ಫೋನ್ ವಾಪಸ್ ಕೊಟ್ಟರು. ‘ಇದು ನಂದಲ್ಲ ತಮ್ಮಾ. ನಮ್ಮ ತೊಗರಿಗಿ ಬಂದದ್ದು ಗೊಡ್ಡ.’

ಎರಡೂ ಒಂದೇ ಕಾಕಾ ಅಂತ ಹೇಳಿ ಫೋಟೊ ತೋರಿಸಿದೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರು. ‘ಹಾಂ, ಇದೇ. ಎಲಿ ಹಿಂಗೇ ಸಣ್ಣ ಆಗಿದ್ವು.’

ರಾತ್ರಿ ನಿದ್ದೆ ಬರಲಿಲ್ಲ. ಐದು ವರ್ಷದಿಂದ ಎಷ್ಟು ಜನ ಆ ತಲೆಬರಹ ನೋಡಿ ‘ಇದು ನಂದಲ್ಲ’ ಅಂತ ಮುಂದೆ ಹೋಗಿರಬಹುದು! ಗೊಡ್ಡು ಅನ್ನೋ ಪದ ಆ ಪುಟದಲ್ಲಿ ಒಂದೇ ಸಲ ಇತ್ತು, ಅದೂ ಕೆಳಗೆ.

ಇವತ್ತು ಸಂಜೆ ಅದನ್ನು ಪೂರಾ ತಿದ್ದಿದೆ. ‘ತೊಗರಿ ಹೂವು ಬಿಡುತ್ತಿಲ್ಲವೇ? ಗೊಡ್ಡು ರೋಗ ಇರಬಹುದು’ ಅಂತ ಮೇಲೆ ಹಾಕಿದೆ. ತೊಗರಿಯ ಮಹತ್ವ ಅಂತ ನಾಲ್ಕು ಪ್ಯಾರಾ ಇತ್ತು, ತೆಗೆದು ಬಿಸಾಕಿದೆ. ತೊಗರಿ ಬೆಳೆಯುವವನಿಗೆ ತೊಗರಿಯ ಮಹತ್ವ ಯಾಕೆ ಹೇಳಬೇಕು? ಈಗ ಮೊದಲ ಸಾಲಿನಲ್ಲೇ ಕಣ್ಣಿಗೆ ಕಾಣುವುದು ಇದೆ: ಪಕ್ಕದ ಗಿಡ ಹೂವು ಬಿಟ್ಟಾಗಲೂ ಇದು ಪೊದೆಯಾಗಿ ಹಸಿರಾಗೇ ನಿಂತಿರುತ್ತದೆ, ಎಲೆ ಸಣ್ಣ, ಎಲೆ ಮೇಲೆ ತಿಳಿ ಹಸಿರು ಮಚ್ಚೆ. ಇದು ವೈರಸ್. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇದನ್ನು ಹರಡುತ್ತದೆ. ಅದಕ್ಕೇ ಶಿಲೀಂಧ್ರದ ಔಷಧಿ ಎಷ್ಟು ಹೊಡೆದರೂ ದುಡ್ಡು ದಂಡ. ರೋಗ ಬಂದ ಗಿಡವನ್ನು ಸಣ್ಣದಿರುವಾಗಲೇ ಕಿತ್ತು ಹೊಲದಿಂದ ಆಚೆ ಹಾಕಬೇಕು. ಬದುವಿನ ಮೇಲೆ ಹೋದ ವರ್ಷದ ತೊಗರಿ ಗಿಡ ಉಳಿದಿದ್ದರೆ ಬಿತ್ತನೆಗೂ ಮೊದಲೇ ಕೀಳಬೇಕು. ಬಂಜೆ ರೋಗ ಅನ್ನುವ ಹೆಸರನ್ನೂ ಬಿಟ್ಟಿಲ್ಲ, ಆ ಹೆಸರಿನಿಂದ ಹುಡುಕುವ ವಿದ್ಯಾರ್ಥಿಗಳೂ ಇದ್ದಾರಲ್ವಾ.

ಇಷ್ಟಕ್ಕೇ ಹಳೆಯ ಸ್ಥಾನ ವಾಪಸ್ ಬರುತ್ತದೆ ಅಂತ ನಾನು ಕಾಯುತ್ತಿಲ್ಲ. ಬಂದರೂ ಮುಂದಿನ ಕೋರ್ ಅಪ್‌ಡೇಟ್ ಆಗಬೇಕಾಗಬಹುದು. ಅದು ಯಾವಾಗಲೋ. ಬಿತ್ತನೆಯ ಮೃಗಶಿರಾ ಮಳೆಗೆ ಮಾತ್ರ ಆರೇ ವಾರ ಇದೆ. ರೈತ ಹೂವಿಲ್ಲ ಅಂತ ಹುಡುಕುವ ಹೊತ್ತಿಗೆ ಆ ಗಿಡಕ್ಕೆ ಮಾಡುವಂಥದ್ದೇನೂ ಇರುವುದಿಲ್ಲ. ಬಿತ್ತುವ ಮೊದಲು ಇದು ಅವರ ಕಣ್ಣಿಗೆ ಬೀಳಬೇಕು.

ಹಾಗಾಗಿ ಪುಟವನ್ನು ಒಂದು ಹಾಳೆಗೆ ಇಳಿಸಿದ್ದೇನೆ. ನಾಳೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಪ್ರಿಂಟ್ ಹಾಕಿಸಬೇಕು. ತಕ್ಕಡಿ ಪಕ್ಕದ ಗೋಡೆಗೆ ಹಚ್ಚಲು ಅಡತಿ ಅಂಗಡಿಯವರು ಒಪ್ಪಿದ್ದಾರೆ. ಬಣ್ಣದ ಪ್ರಿಂಟೇ ಬೇಕು. ಕಪ್ಪು ಬಿಳುಪಿನಲ್ಲಿ ಎಲೆಯ ಮಚ್ಚೆ ಕಾಣಲ್ಲ.